9 ಗಂಟೆ 6 ನಿಮಿಷ 7 ಸೆಕೆಂಡಿಗೆ ಮೌನವಾದ ಬೆಲ್

ಮಧ್ಯವಾರ್ಷಿಕ ಪರೀಕ್ಷೆಯ ಮೊದಲ ದಿನ ನಮ್ಮ ಬಸವಕಲ್ಯಾಣದ ಕಾಲೇಜಿನ ಹೊಸ ಬೆಲ್ ಬೆಳಿಗ್ಗೆ 9ಕ್ಕೆ ಒಮ್ಮೆ ಬಾರಿಸಿ, ಆಮೇಲೆ ಇಡೀ ದಿನ ಬಾಯಿ ಬಿಡಲಿಲ್ಲ ಎಂಬುದು ಎಲ್ಲರಿಗೂ ಗೊತ್ತೇ ಇದೆ. 9.50ಕ್ಕೆ ಕೊಠಡಿ ಸೇರುವ ಬೆಲ್ ಇಲ್ಲ, 10ಕ್ಕೆ ಪರೀಕ್ಷೆ ಶುರುವಾಗುವ ಬೆಲ್ ಇಲ್ಲ. ಅಟೆಂಡರ್ ಚಾಚಾ ಹಳೆಯ ಕಬ್ಬಿಣದ ತುಂಡನ್ನೂ ಸುತ್ತಿಗೆಯನ್ನೂ ಹುಡುಕಿ ತರುವಷ್ಟರಲ್ಲಿ ಮೂಲೆಯ ಕೊಠಡಿಯಲ್ಲಿ ಪ್ರಶ್ನೆಪತ್ರಿಕೆ ಹಂಚುವುದು 8 ನಿಮಿಷ ತಡವಾಯಿತು. ಕೊನೆಯಲ್ಲಿ ಆ 8 ನಿಮಿಷ ಯಾರಿಗೂ ಸಿಗಲಿಲ್ಲ. ಲೆಕ್ಕಶಾಸ್ತ್ರದ ಪತ್ರಿಕೆಯಲ್ಲಿ 8 ನಿಮಿಷ ಎಂದರೆ ಏನೆಂದು ಬರೆದವರಿಗೇ ಗೊತ್ತು.

ಅದೇ ಪ್ರೋಗ್ರಾಂ ಹುಮನಾಬಾದ್‌ನಲ್ಲಿರುವ ನಮ್ಮ ಸಂಸ್ಥೆಯ ಇನ್ನೊಂದು ಕಾಲೇಜಿನಲ್ಲಿ ಒಂದು ವಾರದಿಂದ ಒಂದು ಬೆಲ್ಲನ್ನೂ ತಪ್ಪಿಸದೆ ನಡೆಯುತ್ತಿತ್ತು. ಹಾಗಾಗಿ ಸ್ಟಾಫ್ ರೂಮಿನಲ್ಲಿ ತೀರ್ಪು ಬೇಗ ಬಂತು: ಅಲ್ಲಿ ನಡೆಯುತ್ತದೆ, ಇಲ್ಲಿ ನಡೆಯುವುದಿಲ್ಲ ಎಂದರೆ ಇಲ್ಲಿ ಅದನ್ನು ಕೂರಿಸಿದ ಇಬ್ಬರು ದ್ವಿತೀಯ ಪಿಯುಸಿ ವಿದ್ಯಾರ್ಥಿನಿಯರು ಏನೋ ಕೈಯಾಡಿಸಿದ್ದಾರೆ. ಅವರು ಒಂದು ಅಕ್ಷರವನ್ನೂ ಬದಲಿಸಿರಲಿಲ್ಲ. ಬದಲಿಸದೆ ಇದ್ದದ್ದೇ ತೊಂದರೆಯ ಮೂಲ. ಇದು ಹೇಗೆ ಎಂದು ಹೇಳುವುದಕ್ಕೇ ಈ ಸಂಚಿಕೆಯಲ್ಲಿ ಇಷ್ಟು ಜಾಗ ಕೇಳಿ ಪಡೆದಿದ್ದೇನೆ. ಕಂಪ್ಯೂಟರ್ ವಿಜ್ಞಾನ ಓದದವರೂ ಓದಬಹುದು. ಕೂಡುವುದು, ಗುಣಿಸುವುದು ಬಂದರೆ ಸಾಕು.

ಮೊದಲು ಬೆಲ್ಲಿನ ಒಳಗೆ ಏನಿದೆ ನೋಡೋಣ. ಒಂದು ಸಣ್ಣ ಬೋರ್ಡು, ಸಮಯ ಹೇಳುವ ಒಂದು ಗಡಿಯಾರದ ಚಿಪ್ಪು, ಬೆಲ್ಲಿಗೆ ಕರೆಂಟು ಹರಿಸುವ ಒಂದು ರಿಲೇ. ಪ್ರೋಗ್ರಾಂ ಮಾಡುವ ಕೆಲಸ ಇಷ್ಟೇ: ಗಡಿಯಾರದಿಂದ ಗಂಟೆ, ನಿಮಿಷ, ಸೆಕೆಂಡು ಓದು, ಮಧ್ಯರಾತ್ರಿಯಿಂದ ಈಗಿನವರೆಗೆ ಎಷ್ಟು ಸೆಕೆಂಡು ಆಯಿತು ಎಂದು ಲೆಕ್ಕ ಹಾಕು, ಆ ಸಂಖ್ಯೆ ಬೆಲ್ಲುಗಳ ಪಟ್ಟಿಯಲ್ಲಿದ್ದರೆ ರಿಲೇ ಎತ್ತು. ಬೆಳಿಗ್ಗೆ 9 ಎಂದರೆ 9ನ್ನು 3600ರಿಂದ ಗುಣಿಸಿ 32400. 9.50 ಎಂದರೆ ಅದಕ್ಕೆ 3000 ಕೂಡಿಸಿ 35400. ಪರೀಕ್ಷೆಯ ದಿನದ ಪಟ್ಟಿಯಲ್ಲಿ ಏಳು ಬೆಲ್ಲುಗಳಿದ್ದವು: 9, 9.50, 10, 11, 12, 12.55 ಮತ್ತು 1 ಗಂಟೆ. ಸೆಕೆಂಡಿನಲ್ಲಿ 32400, 35400, 36000, 39600, 43200, 46500, 46800.

ಪಟ್ಟಿಯನ್ನು ಯಾರೂ ಕೈಯಿಂದ ಬರೆಯುವುದಿಲ್ಲ. ನಮ್ಮಲ್ಲಿ ಶುಕ್ರವಾರ ಜುಮಾ ಇರುವುದರಿಂದ ವೇಳೆ ಬೇರೆ, ರಂಜಾನ್ ತಿಂಗಳಲ್ಲಿ ಬೇರೆ, ಪರೀಕ್ಷೆಗೆ ಬೇರೆ. ಅದಕ್ಕಾಗಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಪೈಥಾನ್‌ನಲ್ಲಿ ಒಂದು ಪರಿವರ್ತಕ ಬರೆದು ಕೊಟ್ಟಿದ್ದಾನೆ. ಅದಕ್ಕೆ ವೇಳಾಪಟ್ಟಿಯ ಶೀಟು ಕೊಟ್ಟರೆ ಅದು ಸಿ ಭಾಷೆಯ ಒಂದು ಕಡತ ಬರೆದು ಕೊಡುತ್ತದೆ. ಆ ಕಡತವನ್ನೂ, ಕೈಯಿಂದ ಬರೆದ ಮುಖ್ಯ ಕಡತವನ್ನೂ ಸೇರಿಸಿ ಕಂಪೈಲರ್‌ಗೆ ಕೊಡಬೇಕು. ಬೆಲ್ಲಿನ ಪ್ರೋಗ್ರಾಂ ಹೀಗೆ ಎರಡು ಕೈಗಳ ಕೆಲಸ ಎಂಬುದು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಕಂಪೈಲರ್ ಎಂದರೆ ನಾವು ಬರೆದದ್ದನ್ನು ಯಂತ್ರದ ಭಾಷೆಗೆ ತರುವ ಪ್ರೋಗ್ರಾಂ. ಲ್ಯಾಬಿನ ಕಂಪ್ಯೂಟರಿನಲ್ಲಿ ಬರೆದು ಅದೇ ಕಂಪ್ಯೂಟರಿನಲ್ಲಿ ನಡೆಸುವಾಗ ನಮಗೆ ಇದರ ಬಗ್ಗೆ ಯೋಚನೆಯೇ ಬರುವುದಿಲ್ಲ. ಬೋರ್ಡಿನ ಮೇಲೆ ಕಂಪೈಲರ್ ನಡೆಸಲು ಆಗದು. ಊನೊ ಬೋರ್ಡಿನಲ್ಲಿರುವ ನೆನಪು ಬರೀ 2 ಕಿಲೋಬೈಟ್. ಆದ್ದರಿಂದ ದೊಡ್ಡ ಕಂಪ್ಯೂಟರಿನಲ್ಲಿ ಕುಳಿತು ಸಣ್ಣ ಬೋರ್ಡಿನ ಭಾಷೆಯಲ್ಲಿ ಬರೆಯುವ ಕಂಪೈಲರ್ ಬೇಕು. ಅದೇ ಕ್ರಾಸ್ ಕಂಪೈಲರ್. ಒಂದೇ ಸಿ ಪ್ರೋಗ್ರಾಂ, ಮೂರು ಕಂಪೈಲರ್: ಲ್ಯಾಬಿನ ಲಿನಕ್ಸ್ ಕಂಪ್ಯೂಟರಿಗೆ ಒಂದು, ಹುಮನಾಬಾದ್‌ನ ಇಎಸ್‌ಪಿ32 ಬೋರ್ಡಿಗೆ ಒಂದು, ನಮ್ಮ ಹಳೆಯ ಆರ್ಡುಯಿನೊ ಊನೊ ಬೋರ್ಡಿಗೆ ಇನ್ನೊಂದು. ಹುಮನಾಬಾದ್‌ನವರು ಹೊಸ ಬೋರ್ಡು ಕೊಂಡಿದ್ದರು. ನಾವು ಲ್ಯಾಬಿನ ಬೀರುವಿನಲ್ಲಿ ಇದ್ದದ್ದನ್ನೇ ಬಳಸಿದೆವು. ದುಡ್ಡು ಉಳಿಯಿತು ಎಂದು ಆಗ ಎಲ್ಲರೂ ಮೆಚ್ಚಿದ್ದರು.

ಈಗ ಮುಖ್ಯ ಸಂಗತಿಗೆ ಬರುತ್ತೇನೆ. ಸಿ ಭಾಷೆಯಲ್ಲಿ ಪೂರ್ಣಸಂಖ್ಯೆ ಇಡುವ ಪಾತ್ರೆಗೆ ‘ಇಂಟ್’ ಎಂದು ಹೆಸರು. ಆ ಪಾತ್ರೆ ಎಷ್ಟು ದೊಡ್ಡದು? ಭಾಷೆಯ ನಿಯಮ ಇದಕ್ಕೆ ಒಂದೇ ಉತ್ತರ ಕೊಟ್ಟಿಲ್ಲ. ಕನಿಷ್ಠ 16 ಬಿಟ್ ಇರಬೇಕು, ಉಳಿದದ್ದು ಆಯಾ ಯಂತ್ರಕ್ಕೆ ಒಗ್ಗುವಂತೆ ಎಂದು ಬಿಟ್ಟಿದೆ. ಮಾರ್ಕೆಟ್ಟಿನಲ್ಲಿ ಹೂವು ಕೊಂಡವರಿಗೆ ಇದು ಹೊಸದಲ್ಲ. ಒಂದು ಮೊಳ ಹೂವು ಎಂದರೆ ಮಾರುವವರ ಮೊಣಕೈಯಿಂದ ಬೆರಳ ತುದಿಯವರೆಗೆ. ಉದ್ದ ತೋಳಿನವರ ಹತ್ತಿರ ಕೊಂಡರೆ ನಮಗೆ ಲಾಭ. ಇಂಟ್ ಎಂಬುದು ಯಂತ್ರದ ಮೊಳ. ಲ್ಯಾಬಿನ ಕಂಪ್ಯೂಟರಿನಲ್ಲಿಯೂ ಇಎಸ್‌ಪಿ32ರಲ್ಲಿಯೂ ಅದು 32 ಬಿಟ್. ಊನೊದಲ್ಲಿ 16 ಬಿಟ್.

16 ಬಿಟ್‌ಗಳಲ್ಲಿ 65536 ಬೇರೆ ಬೇರೆ ಸಂಖ್ಯೆಗಳನ್ನು ಬರೆಯಬಹುದು. ಅರ್ಧ ಋಣಸಂಖ್ಯೆಗಳಿಗೆ ಹೋದರೆ ಉಳಿಯುವ ಅತಿ ದೊಡ್ಡ ಸಂಖ್ಯೆ 32767. ಒಂದು ದಿನಕ್ಕೆ 86400 ಸೆಕೆಂಡುಗಳು. 32767ನೇ ಸೆಕೆಂಡು ಯಾವಾಗ ಬರುತ್ತದೆ? 9 ಗಂಟೆಗೆ 32400 ಆಯಿತು, ಉಳಿದ 367 ಸೆಕೆಂಡು ಎಂದರೆ 6 ನಿಮಿಷ 7 ಸೆಕೆಂಡು. ಬೆಳಿಗ್ಗೆ 9.06.07ಕ್ಕೆ ನಮ್ಮ ಬೋರ್ಡಿನ ಪಾತ್ರೆ ತುಂಬಿತು. ಮುಂದಿನ ಸೆಕೆಂಡಿಗೆ ಅದು 32768 ಎನ್ನುವ ಬದಲು ಮೈನಸ್ 32768 ಎಂದಿತು. 9.50ಕ್ಕೆ ಪಟ್ಟಿಯಲ್ಲಿ 35400 ಕಾಯುತ್ತಿದ್ದರೆ, ಬೋರ್ಡು ಹೇಳುತ್ತಿದ್ದ ಸಮಯ ಮೈನಸ್ 30136. ಎರಡೂ ಎಂದಿಗೂ ಸಮವಾಗುವುದಿಲ್ಲ. ಏಳು ಬೆಲ್ಲುಗಳಲ್ಲಿ 32767ಕ್ಕಿಂತ ಕಡಿಮೆ ಇದ್ದದ್ದು ಒಂದೇ, 9 ಗಂಟೆಯದು. ಅದೊಂದೇ ಬಾರಿಸಿತು.

ಹಾಗಾದರೆ ಕೂರಿಸುವ ಮೊದಲು ಪರೀಕ್ಷಿಸಲಿಲ್ಲವೇ ಎಂದು ಕೇಳುತ್ತೀರಿ. ಪರೀಕ್ಷಿಸಿದ್ದರು. ಲ್ಯಾಬಿನ ಕಂಪ್ಯೂಟರಿನಲ್ಲಿ ಇಡೀ ದಿನವನ್ನು ವೇಗವಾಗಿ ಓಡಿಸಿ ಏಳೂ ಬೆಲ್ಲುಗಳನ್ನು ಎಣಿಸಿದ್ದರು. ಬೋರ್ಡಿನಲ್ಲಿ ಗಡಿಯಾರವನ್ನು 8.59ಕ್ಕೆ ಇಟ್ಟು 9ರ ಬೆಲ್ ಕೇಳಿ ಚಪ್ಪಾಳೆ ತಟ್ಟಿದ್ದರು. ಹುಮನಾಬಾದ್‌ನ ಒಂದು ವಾರದ ಅನುಭವ ಬೇರೆ ಜೊತೆಗಿತ್ತು. ಇಷ್ಟೆಲ್ಲ ನೋಡಿಕೊಂಡ ಮೇಲೆ ಅನುಮಾನ ಪಡುವುದಕ್ಕೆ ಅವರಿಗೆ ಕಾರಣವೇ ಇರಲಿಲ್ಲ.

ಇಲ್ಲಿ ಒಂದು ತಮಾಷೆ ಇದೆ. ಪಟ್ಟಿಯ ಸಂಖ್ಯೆಗಳನ್ನೂ 16 ಬಿಟ್‌ನ ಇಂಟ್‌ನಲ್ಲೇ ಇಟ್ಟಿದ್ದರೆ 35400 ಅಲ್ಲಿಯೂ ಮೈನಸ್ 30136 ಆಗುತ್ತಿತ್ತು. ಎರಡು ತಪ್ಪುಗಳು ಸಮವಾಗಿ ಬೆಲ್ ಸರಿಯಾಗಿಯೇ ಬಾರಿಸುತ್ತಿತ್ತು! ಆದರೆ ಪರಿವರ್ತಕ ಬರೆದ ಹಳೆಯ ವಿದ್ಯಾರ್ಥಿ ಜಾಗರೂಕ. ಪಟ್ಟಿಗೆ ಅವನು ‘ಲಾಂಗ್’ ಎಂಬ ದೊಡ್ಡ ಪಾತ್ರೆ ಬಳಸಿದ್ದ. ಲಾಂಗ್ ಕನಿಷ್ಠ 32 ಬಿಟ್ ಇರಲೇಬೇಕು ಎಂಬುದು ಸಿ ಭಾಷೆಯ ನಿಯಮ. ಮುಖ್ಯ ಕಡತವನ್ನು ಹುಮನಾಬಾದ್‌ನಲ್ಲಿ ಬರೆದವರು ಇಂಟ್ ಬಳಸಿದ್ದರು. ಅವರ ಬೋರ್ಡಿನಲ್ಲಿ ಅದು 32 ಬಿಟ್, ಸಾಕಾಗಿತ್ತು. ಇಬ್ಬರೂ ತಮ್ಮ ತಮ್ಮ ಜಾಗದಲ್ಲಿ ಸರಿ. ಎರಡು ಸರಿಗಳು ಊನೊದ ಮೇಲೆ ಒಂದಕ್ಕೊಂದು ಹೊಂದಲಿಲ್ಲ.

ಮರುದಿನವೇ ವಿದ್ಯಾರ್ಥಿನಿಯರು ಕಾರಣವನ್ನು ಊಹಿಸಿದರು. ಮುಖ್ಯ ಕಡತದಲ್ಲಿ ಸಮಯ ಇಡುವ ಪಾತ್ರೆಯನ್ನು ಇಂಟ್‌ನಿಂದ ಲಾಂಗ್‌ಗೆ ಬದಲಿಸಿದರು. ಬೆಲ್ ಆಗಲೂ ಬಾರಿಸಲಿಲ್ಲ. ‘ಪಾತ್ರೆ ದೊಡ್ಡದ್ ಮಾಡೀವಿ ಸರ್, ಆದ್ರೂ ಅದೇ ಮೈನಸ್ ಬರ್ಲತದ’ ಎಂದು ಒಬ್ಬಳು ಬಂದು ಹೇಳಿದಾಗ ಅವಳ ಕಣ್ಣಲ್ಲಿ ನೀರಿತ್ತು. ಶುಕ್ರವಾರ ಜುಮಾ ನಮಾಜ್ ಮುಗಿದ ಮೇಲೆ ಲ್ಯಾಬ್ ಖಾಲಿ ಇರುತ್ತದೆ. ಮೂವರೂ ಕುಳಿತೆವು.

ಹೊಸಬರನ್ನೂ ಹಳಬರನ್ನೂ ಒಂದೇ ಸಮ ಕಾಡುವ ನಿಯಮ ಇಲ್ಲಿದೆ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಸಿ ಭಾಷೆಯಲ್ಲಿ ಗುಣಾಕಾರ ಎಷ್ಟು ದೊಡ್ಡ ಪಾತ್ರೆಯಲ್ಲಿ ನಡೆಯಬೇಕು ಎಂಬುದನ್ನು ಉತ್ತರ ಹೋಗಿ ಸೇರುವ ಪಾತ್ರೆ ನಿರ್ಧರಿಸುವುದಿಲ್ಲ. ಗುಣಿಸುವ ಎರಡು ಸಂಖ್ಯೆಗಳು ನಿರ್ಧರಿಸುತ್ತವೆ. ಗಂಟೆ ಇಂಟ್, 3600 ಕೂಡ ಇಂಟ್. ಆದ್ದರಿಂದ ಗುಣಲಬ್ಧವೂ ಇಂಟ್. 10 ಗಂಟೆಗೆ 36000 ಬರಬೇಕಾದಲ್ಲಿ 16 ಬಿಟ್‌ನೊಳಗೆ ಮೈನಸ್ 29536 ಆಗಿ ಕೆಡುತ್ತದೆ. ಕೆಟ್ಟ ಮೇಲೆ ಅದನ್ನು ಲಾಂಗ್ ಪಾತ್ರೆಗೆ ಸುರಿಯುತ್ತೇವೆ. ಹಾಲು ಸಣ್ಣ ಪಾತ್ರೆಯಲ್ಲಿ ಉಕ್ಕಿ ಚೆಲ್ಲಿದ ಮೇಲೆ ಉಳಿದದ್ದನ್ನು ದೊಡ್ಡ ಪಾತ್ರೆಗೆ ಬಗ್ಗಿಸಿದರೆ ಚೆಲ್ಲಿದ್ದು ಮರಳಿ ಬರುತ್ತದೆಯೇ? ಗಂಟೆಯನ್ನು 8 ಬಿಟ್‌ನ ಪಾತ್ರೆಯಲ್ಲಿ ಇಟ್ಟರೂ ಇದೇ ಗತಿ, ಏಕೆಂದರೆ ಇಂಟ್‌ಗಿಂತ ಚಿಕ್ಕವನ್ನೆಲ್ಲ ಲೆಕ್ಕಕ್ಕೆ ಮೊದಲು ಇಂಟ್‌ಗೆ ಏರಿಸುತ್ತಾರೆ, ಇಂಟ್‌ಗಿಂತ ಮೇಲಕ್ಕೆ ಏರಿಸುವುದಿಲ್ಲ.

ಇನ್ನೂ ಒಂದು ಮಾತು: ಚಿಹ್ನೆ ಇರುವ ಸಂಖ್ಯೆ ಹೀಗೆ ಮಿತಿ ಮೀರಿದರೆ ಏನಾಗಬೇಕು ಎಂದು ಸಿ ಭಾಷೆ ಹೇಳುವುದೇ ಇಲ್ಲ. ಸುತ್ತಿ ಮೈನಸ್‌ಗೆ ಬರುವುದು ಸಾಮಾನ್ಯವಾಗಿ ಕಾಣುವ ಫಲ, ಕೊಟ್ಟ ಮಾತಲ್ಲ.

ನಾನು ಹೇಳಿದ್ದನ್ನು ಅವರು ನಂಬಬೇಕಾಗಿರಲಿಲ್ಲ. ಕಂಪೈಲರ್ ಹೊರಹಾಕಿದ ಯಂತ್ರಸಂಕೇತವನ್ನು ಓದಬಲ್ಲ ರೂಪದಲ್ಲಿ ತೋರಿಸುವ ಆಬ್ಜ್‌ಡಂಪ್ ಎಂಬ ಸಾಧನ ಕಂಪೈಲರ್ ಜೊತೆಗೇ ಬರುತ್ತದೆ. ಅದನ್ನು ತೆರೆದೆವು. ಊನೊದ ಅಟ್‌ಮೆಗಾ328ಪಿ ಚಿಪ್ಪಿನಲ್ಲಿ 32 ರಿಜಿಸ್ಟರುಗಳಿವೆ, ಒಂದೊಂದೂ 8 ಬಿಟ್. 16 ಬಿಟ್‌ನ ಇಂಟ್‌ಗೆ ಎರಡು ರಿಜಿಸ್ಟರು ಬೇಕು, 32 ಬಿಟ್‌ನ ಲಾಂಗ್‌ಗೆ ನಾಲ್ಕು. ಕೂಡುವಾಗ ಮೊದಲ ಜೋಡಿಯನ್ನು ‘ಎಡಿಡಿ’ ಎಂಬ ಆದೇಶದಿಂದ ಕೂಡಿ, ದಶಕ ಮುಂದೆ ಒಯ್ಯುವಂತೆ, ಉಳಿದವನ್ನು ‘ಎಡಿಸಿ’ ಎಂಬ ಆದೇಶದಿಂದ ಕೂಡುತ್ತಾರೆ. ಇಂಟ್ ಕೂಡುವುದಾದರೆ ಒಂದು ಎಡಿಡಿ, ಒಂದು ಎಡಿಸಿ. ಲಾಂಗ್ ಕೂಡುವುದಾದರೆ ಒಂದು ಎಡಿಡಿಯ ಹಿಂದೆ ಮೂರು ಎಡಿಸಿ. ನಮ್ಮ ಲೆಕ್ಕದ ಜಾಗದಲ್ಲಿ ಒಂದೇ ಎಡಿಸಿ ಇತ್ತು. ಅದರ ನಂತರ, ಮೇಲಿನ ಎರಡು ರಿಜಿಸ್ಟರುಗಳಿಗೆ ಉತ್ತರದ ಪ್ಲಸ್-ಮೈನಸ್ ಚಿಹ್ನೆಯನ್ನು ನಕಲು ಮಾಡುವ ಆದೇಶಗಳು. ಎಲ್ಲಿ ಚೆಲ್ಲಿತು ಎಂಬುದು ಬೆರಳಿಟ್ಟು ತೋರಿಸುವಷ್ಟು ಸ್ಪಷ್ಟ. ಅಸೆಂಬ್ಲಿ ಕಷ್ಟ ಎಂದು ಹೆದರುವವರಿಗೆ ಹೇಳುತ್ತೇನೆ, ಅಂದು ನಾವು ಓದಿದ್ದು ಹತ್ತು ಹದಿನೈದು ಸಾಲು, ತಿಳಿಯಬೇಕಿದ್ದದ್ದು ಎರಡೇ ಆದೇಶ.

ಸರಿಪಡಿಸಲು ಬೇಕಾದದ್ದು ಸಣ್ಣ ಬದಲಾವಣೆ: ಗುಣಿಸುವ ಮೊದಲೇ ಗಂಟೆಯನ್ನು 32 ಬಿಟ್‌ಗೆ ಏರಿಸಬೇಕು. ಆದರೆ ಏರಿಸುವಾಗ ಲಾಂಗ್ ಎನ್ನಬೇಕೇ? ಲಾಂಗ್ ಕೂಡ ಒಂದು ಮೊಳವೇ. ಊನೊದಲ್ಲಿ 32 ಬಿಟ್, 64 ಬಿಟ್‌ನ ವಿಂಡೋಸ್‌ನಲ್ಲಿ 32 ಬಿಟ್, 64 ಬಿಟ್‌ನ ಲಿನಕ್ಸ್‌ನಲ್ಲಿ 64 ಬಿಟ್. ಮೊಳ ಬೇಡ, ಟೇಪು ಬೇಕು ಎಂದರೆ 1999ರ ಸಿ ಪ್ರಮಾಣದಲ್ಲಿ ಸೇರಿದ ಹೆಸರುಗಳಿವೆ: ‘ಇಂಟ್32_ಟಿ’ ಎಂದರೆ ಯಾವ ಯಂತ್ರದಲ್ಲಿಯೂ ಸರಿಯಾಗಿ 32 ಬಿಟ್, ‘ಯುಇಂಟ್8_ಟಿ’ ಎಂದರೆ ಚಿಹ್ನೆ ಇಲ್ಲದ 8 ಬಿಟ್. ನಮ್ಮ ಊರಿನ ಹೆಸರೇ ಹೀಗಿದೆ. ಬರೀ ಕಲ್ಯಾಣ ಎಂದರೆ ಮುಂಬೈ ಪಕ್ಕದ್ದೋ ಇಲ್ಲಿಯದೋ ಎಂಬ ಪ್ರಶ್ನೆ ಬರುತ್ತದೆ. ಬಸವಕಲ್ಯಾಣ ಎಂದರೆ ಬರುವುದಿಲ್ಲ. ಮುಖ್ಯ ಕಡತದಲ್ಲಿ ಸಮಯಕ್ಕೆ ಸಂಬಂಧಿಸಿದ್ದೆಲ್ಲವನ್ನೂ ಇಂಟ್32_ಟಿ ಮಾಡಿದೆವು. ಊನೊದಲ್ಲಿ ಏಳೂ ಬೆಲ್ ಬಾರಿಸಿದವು. ಹುಮನಾಬಾದ್‌ಗೂ ಕಳಿಸಿ ನೋಡಿದೆವು, ಅಲ್ಲಿಯೂ ಸರಿ.

ಮುಗಿಯಿತು ಎಂದುಕೊಂಡಿದ್ದೆವು. ವಾಡಿಕೆಯಂತೆ ಲ್ಯಾಬಿನ ಕಂಪ್ಯೂಟರಿನಲ್ಲಿ ಇಡೀ ದಿನ ಓಡಿಸಿದರೆ, ಮೊದಲಿನಿಂದ ಅಲ್ಲಿ ಸರಿಯಿದ್ದ ಪ್ರೋಗ್ರಾಂ ಈಗ ಕೆಟ್ಟಿತ್ತು! 9, 9.50, 10, 11 ಸರಿ. 11ರ ನಂತರ ಬೆಲ್ಲೇ ಇಲ್ಲ. ಬದಲಿಗೆ ಮಧ್ಯರಾತ್ರಿ 12ಕ್ಕೆ ಮೂರು ಬೆಲ್.

ಈ ಮೂರು ಬೆಲ್ಲುಗಳು ಎಲ್ಲಿಂದ ಬಂದವು ಎಂದು ಮುಂದೆ ಓದುವ ಮೊದಲು ಒಂದು ನಿಮಿಷ ಯೋಚಿಸಿ ನೋಡಿ. ಸುಳಿವು: ಪಟ್ಟಿ ಬರೆದವನು ಲಾಂಗ್ ಎಂದಿದ್ದಾನೆ, ಪಟ್ಟಿ ಓದುವ ಮುಖ್ಯ ಕಡತ ಈಗ ಅದನ್ನು ಇಂಟ್32_ಟಿ ಎಂದು ತಿಳಿದಿದೆ.

ಊನೊದಲ್ಲಿ ಲಾಂಗ್ 32 ಬಿಟ್, ಇಎಸ್‌ಪಿ32ರಲ್ಲಿಯೂ 32 ಬಿಟ್. ಹಾಗಾಗಿ ಎರಡೂ ಬೋರ್ಡುಗಳಲ್ಲಿ ಗುಟ್ಟು ರಟ್ಟಾಗಲಿಲ್ಲ. ಲಿನಕ್ಸ್‌ನಲ್ಲಿ ಲಾಂಗ್ 64 ಬಿಟ್, ಅಂದರೆ 8 ಬೈಟ್. ಪರಿವರ್ತಕ ಬರೆದ ಪಟ್ಟಿಯಲ್ಲಿ ಒಂದೊಂದು ಸಂಖ್ಯೆಗೆ 8 ಬೈಟ್ ಜಾಗ, ಅದರಲ್ಲಿ ಮೊದಲ 4 ಬೈಟ್‌ಗಳಲ್ಲಿ ಸಂಖ್ಯೆ, ಉಳಿದ 4 ಸೊನ್ನೆ. ಓದುವವರು 4 ಬೈಟ್‌ಗೆ ಒಂದು ಸಂಖ್ಯೆ ಎಂದು ಓದುತ್ತಾ ಹೋದರು: 32400, 0, 35400, 0, 36000, 0, 39600. ಏಳು ಎಣಿಸಿದ್ದಾಯಿತು, ನಿಂತರು. ಸೊನ್ನೆ ಎಂದರೆ ಮಧ್ಯರಾತ್ರಿ.

ಕಂಪೈಲರ್ ಏಕೆ ಕೂಗಿಕೊಳ್ಳಲಿಲ್ಲ? ಅದು ಒಂದು ಸಲಕ್ಕೆ ಒಂದೇ ಕಡತ ನೋಡುತ್ತದೆ. ಪಟ್ಟಿಯ ಕಡತದೊಳಗೆ ಎಲ್ಲವೂ ಲಾಂಗ್, ತಕರಾರಿಲ್ಲ. ಮುಖ್ಯ ಕಡತದೊಳಗೆ ‘ಈ ಹೆಸರಿನ ಪಟ್ಟಿ ಬೇರೆಲ್ಲೋ ಇದೆ, ಅದು ಇಂಟ್32_ಟಿ’ ಎಂಬ ಒಂದು ಹೇಳಿಕೆ, ಅಲ್ಲಿಯೂ ತಕರಾರಿಲ್ಲ. ಕೊನೆಗೆ ಎರಡನ್ನೂ ಹೊಲಿಯುವ ಲಿಂಕರ್ ಹೆಸರು ಮಾತ್ರ ನೋಡುತ್ತದೆ, ಪಾತ್ರೆಯ ಅಳತೆ ನೋಡುವುದಿಲ್ಲ.

ನಮ್ಮ ಭಾಗದ ಹಿರಿಯರಿಗೆ ಇದನ್ನು ಹೇಳುವುದು ಸುಲಭ. 1956ರ ನವೆಂಬರ್ 1ರವರೆಗೆ ಬೀದರ್ ಜಿಲ್ಲೆ ಹೈದರಾಬಾದ್ ರಾಜ್ಯದಲ್ಲಿತ್ತು. ನಿಜಾಮರ ಸರ್ಕಾರಕ್ಕೆ ತನ್ನದೇ ಹಾಲಿ ಸಿಕ್ಕಾ ರೂಪಾಯಿ ಇತ್ತು; ಬ್ರಿಟಿಷ್ ಇಂಡಿಯಾದ ರೂಪಾಯಿಗೆ ಇಲ್ಲಿ ಕಲ್ದಾರ್ ಎನ್ನುತ್ತಿದ್ದರು. ಸಿಕ್ಕಾದ 7 ರೂಪಾಯಿಗೆ ಕಲ್ದಾರಿನ 6. ಎರಡಕ್ಕೂ ಹೆಸರು ರೂಪಾಯಿಯೇ. ಲೆಕ್ಕ ಬರೆಯುವವನು ಸಿಕ್ಕಾದಲ್ಲಿ 700 ರೂಪಾಯಿ ಎಂದು ಬರೆದಿಟ್ಟು, ಸೊಲ್ಲಾಪುರದ ವ್ಯಾಪಾರಿ ಅದನ್ನು ಕಲ್ದಾರ್ ಎಂದು ಓದಿದರೆ 100 ರೂಪಾಯಿ ಗಾಳಿಯಲ್ಲಿ ಹುಟ್ಟುತ್ತದೆ. ಹೆಸರು ಕೂಡಿತು ಎಂದು ಎರಡು ಪುಟ ಹೊಲಿದವನ ಕಣ್ಣಿಗೆ ಏನೂ ಕಾಣುವುದಿಲ್ಲ. ಆದ್ದರಿಂದ ಮೊತ್ತದ ಜೊತೆಗೆ ಯಾವ ರೂಪಾಯಿ ಎಂದೂ ಬರೆಯಬೇಕಾಗುತ್ತಿತ್ತು.

ಪಟ್ಟಿಯ ಬದಲು ಒಂದು ಫಂಕ್ಷನ್ ಹೀಗೆ ಹೊಂದದೆ ಹೋಗಿದ್ದರೆ ಊನೊದಲ್ಲಿ ಆಗುತ್ತಿದ್ದ ಅನಾಹುತ ಇನ್ನೂ ವಿಚಿತ್ರ. ಕರೆಯುವ ಕಡತ ಇಂಟ್ ಎಂದು ತಿಳಿದರೆ ಸಂಖ್ಯೆಯನ್ನು 24 ಮತ್ತು 25ನೇ ರಿಜಿಸ್ಟರುಗಳಲ್ಲಿ ಇಟ್ಟು ಕಳಿಸುತ್ತದೆ. ಕರೆಸಿಕೊಂಡ ಫಂಕ್ಷನ್ ಲಾಂಗ್ ಎಂದು ತಿಳಿದರೆ 22ರಿಂದ 25ರವರೆಗೆ ನಾಲ್ಕನ್ನು ಓದುತ್ತದೆ, 22ನ್ನು ಏಕಸ್ಥಾನ ಎಂದುಕೊಂಡು. ಆಗ 5 ಎಂದು ಕಳಿಸಿದ್ದು 5ರ 65536 ಪಟ್ಟು ಆಗಿ, ಜೊತೆಗೆ 22, 23ರಲ್ಲಿ ಹಿಂದಿನ ಕೆಲಸದಿಂದ ಉಳಿದ ಕಸವನ್ನೂ ಸೇರಿಸಿಕೊಂಡು ತಲುಪುತ್ತದೆ. ದಿನಕ್ಕೊಂದು ಉತ್ತರ ಬರುವ ಇಂಥ ದೋಷಗಳನ್ನು ಹಿಡಿಯುವುದು ಭೂತ ಹಿಡಿದಂತೆ.

ಮದ್ದು ಏನು? ಅಂದು ಸಂಜೆ ವಿದ್ಯಾರ್ಥಿನಿಯೊಬ್ಬಳು ಪರಿವರ್ತಕ ಬರೆದ ಕಡತವನ್ನು ತೆರೆದು ಲಾಂಗ್ ಎಂಬುದನ್ನು ಅಳಿಸಿ ಇಂಟ್32_ಟಿ ಎಂದು ತಿದ್ದಿದಳು. ಏಳೂ ಬೆಲ್ ಸರಿಯಾದವು. ತಿದ್ದುವುದು ಎರಡು ಕ್ಷಣದ ಕೆಲಸ, ಆದರೆ ತಿದ್ದುವ ಜಾಗ ಅದಲ್ಲ. ಮುಂದಿನ ಶುಕ್ರವಾರಕ್ಕೋ ರಂಜಾನ್‌ಗೋ ಹೊಸ ವೇಳಾಪಟ್ಟಿ ಕೊಟ್ಟ ಕ್ಷಣ ಪರಿವರ್ತಕ ಆ ಕಡತವನ್ನು ಪೂರ್ತಿ ಹೊಸದಾಗಿ ಬರೆಯುತ್ತದೆ, ಲಾಂಗ್ ಮರಳಿ ಬರುತ್ತದೆ. ಯಂತ್ರ ಬರೆದ ಕೋಡನ್ನು ಕೈಯಿಂದ ತಿದ್ದುವುದು ನೋಟ್ಸಿನ ಜೆರಾಕ್ಸ್ ಪ್ರತಿಯಲ್ಲಿ ತಪ್ಪು ತಿದ್ದಿ ಮೂಲವನ್ನು ಹಾಗೇ ಬಿಟ್ಟಂತೆ. ಆದ್ದರಿಂದ ಪೈಥಾನ್ ಕಡತದಲ್ಲಿ ಲಾಂಗ್ ಎಂದು ಬರೆಸುವ ಸಾಲನ್ನೇ ಹುಡುಕಿ ಬದಲಿಸಿದೆವು.

ಅದಕ್ಕಿಂತ ಮುಖ್ಯವಾದದ್ದು ಇನ್ನೊಂದು. ಪಟ್ಟಿಯ ರೂಪವನ್ನು ಹೇಳುವ ಒಂದೇ ಹೆಡರ್ ಕಡತ ಮಾಡಿ, ಮುಖ್ಯ ಕಡತವೂ ಪರಿವರ್ತಕ ಬರೆಯುವ ಕಡತವೂ ಅದನ್ನು ಮೊದಲ ಸಾಲಿನಲ್ಲಿ ಸೇರಿಸಿಕೊಳ್ಳುವಂತೆ ಮಾಡಿದೆವು. ಈಗ ಎರಡು ಹೇಳಿಕೆಗಳೂ ಕಂಪೈಲರ್ ಕಣ್ಣೆದುರು ಒಂದೇ ಕಡತದಲ್ಲಿ ಬರುತ್ತವೆ. ಪರಿವರ್ತಕಕ್ಕೆ ಬೇಕೆಂದೇ ಮತ್ತೆ ಲಾಂಗ್ ಹಾಕಿ ಲ್ಯಾಬಿನ ಕಂಪ್ಯೂಟರಿನಲ್ಲಿ ನೋಡಿದೆವು. ಕಂಪೈಲರ್ ‘ಒಂದೇ ಹೆಸರಿಗೆ ಎರಡು ಬಗೆ’ ಎಂದು ದೋಷ ತೋರಿಸಿ ನಿಂತುಬಿಟ್ಟಿತು. ಸರಿಯಾದ ಜಾಗದಲ್ಲಿ ನಿಲ್ಲುವ ಕಂಪೈಲರ್ ನನಗೆ ಬಹಳ ಇಷ್ಟ.

ಎಚ್ಚರಿಕೆಗಳ ಬಗ್ಗೆಯೂ ಒಂದು ಮಾತು. ಆರ್ಡುಯಿನೊ ತಂತ್ರಾಂಶದ ಸೆಟ್ಟಿಂಗ್ಸ್‌ನಲ್ಲಿ ಕಂಪೈಲರ್ ಎಚ್ಚರಿಕೆ ‘ಬೇಡ’ ಎಂದೇ ಮೊದಲಿನಿಂದ ಇರುತ್ತದೆ. ಅದನ್ನು ‘ಎಲ್ಲ’ ಎಂದು ಬದಲಿಸಿಕೊಳ್ಳಿ. ಎಲ್ಲವನ್ನೂ ಹಿಡಿಯುತ್ತದೆ ಎಂದಲ್ಲ: ಗಂಟೆಯನ್ನು 3600ರಿಂದ ಗುಣಿಸಿದ್ದಕ್ಕೆ ಅದು ಏನನ್ನೂ ಹೇಳುವುದಿಲ್ಲ, ಏಕೆಂದರೆ ಗಂಟೆ ಎಷ್ಟಿರುತ್ತದೆ ಎಂದು ಕಂಪೈಲ್ ಮಾಡುವಾಗ ಅದಕ್ಕೆ ಗೊತ್ತಿಲ್ಲ. ಆದರೆ ಒಂದು ಬಗೆಯ ವಿಳಾಸ ಕೇಳುವಲ್ಲಿ ಇನ್ನೊಂದನ್ನು ಕೊಟ್ಟರೆ, ಪರದೆಗೆ ಬರೆಸುವಾಗ ಇಂಟ್ ಎಂದು ಹೇಳಿ ಲಾಂಗ್ ಕೊಟ್ಟರೆ, ಆಗ ಕೂಗುತ್ತದೆ. 2024ರ ಜಿಸಿಸಿ 14ರಿಂದ ಮೊದಲನೆಯದು ಸಿ ಭಾಷೆಯಲ್ಲಿಯೂ ಎಚ್ಚರಿಕೆಯಲ್ಲ, ದೋಷವೇ. ಅಳತೆ ಒಂದೇ ಇದ್ದರೂ ಬಗೆ ಬೇರೆ ಆಗಬಹುದು ಎಂಬುದು ಇಲ್ಲಿ ಗೊಂದಲ ಹುಟ್ಟಿಸುತ್ತದೆ. ಇಎಸ್‌ಪಿ32ರಲ್ಲಿ ಇಂಟ್ ಮತ್ತು ಲಾಂಗ್ ಎರಡೂ 32 ಬಿಟ್, ಆದರೂ ಸಿ ಭಾಷೆಗೆ ಅವು ಎರಡು. ಅದರ ಅಧಿಕೃತ ತಂತ್ರಾಂಶ ಇಎಸ್‌ಪಿ-ಐಡಿಎಫ್‌ನ 5.0 ಆವೃತ್ತಿಯಲ್ಲಿ ಇಂಟ್32_ಟಿ ಎಂಬುದು ಇಂಟ್‌ನ ಇನ್ನೊಂದು ಹೆಸರಾಗಿದ್ದದ್ದು ಲಾಂಗ್‌ನ ಇನ್ನೊಂದು ಹೆಸರಾಯಿತು. ಅಂದಿನವರೆಗೆ ಸದ್ದಿಲ್ಲದೆ ಕಂಪೈಲ್ ಆಗುತ್ತಿದ್ದ ಕೋಡು, ಒಂದು ಬಿಟ್ ಕೂಡ ಹೆಚ್ಚು ಕಡಿಮೆ ಆಗದಿದ್ದರೂ, ಸಾಲುಸಾಲು ದೂರು ಹೇಳತೊಡಗಿತು. ಹಳೆಯ ಉದಾಹರಣೆಗಳನ್ನು ಇಳಿಸಿಕೊಂಡು ನಡೆಸುವವರು ಇದನ್ನು ನೋಡಿಯೇ ಇರುತ್ತೀರಿ.

ಒಂದು ಜಾಗದಲ್ಲಿ ಸರಿಯಿದ್ದ ಕೋಡು ಇನ್ನೊಂದು ಜಾಗದಲ್ಲಿ ಕೈಕೊಡುವುದು ನಮ್ಮ ಬೆಲ್ಲಿಗೆ ಮಾತ್ರ ಆದದ್ದಲ್ಲ. 1996ರ ಜೂನ್ 4ರಂದು ಫ್ರೆಂಚ್ ಗಯಾನಾದ ಕೌರುವಿನಿಂದ ಏರಿದ ಮೊದಲ ಅರಿಯಾನ್ 5 ರಾಕೆಟ್ ಸುಮಾರು 40 ಸೆಕೆಂಡುಗಳಲ್ಲಿ ಛಿದ್ರವಾಯಿತು. ದಿಕ್ಕು ಹೇಳುವ ಉಪಕರಣದ ತಂತ್ರಾಂಶವನ್ನು ಹಿಂದಿನ ಅರಿಯಾನ್ 4ರಿಂದ ತಂದಿದ್ದರು. ಅಡ್ಡ ದಿಕ್ಕಿನ ವೇಗಕ್ಕೆ ಸಂಬಂಧಿಸಿದ 64 ಬಿಟ್‌ನ ದಶಮಾಂಶ ಸಂಖ್ಯೆಯೊಂದನ್ನು ಅದು 16 ಬಿಟ್‌ನ ಪೂರ್ಣಸಂಖ್ಯೆಗೆ ತರುತ್ತಿತ್ತು. ಅರಿಯಾನ್ 4ರ ವೇಗಕ್ಕೆ 32767 ಸಾಕಾಗಿತ್ತು. ಅರಿಯಾನ್ 5 ಅದಕ್ಕಿಂತ ಬೇಗ ವೇಗ ಪಡೆಯುತ್ತಿತ್ತು. ಮೀಸಲು ಉಪಕರಣದಲ್ಲಿಯೂ ಅದೇ ತಂತ್ರಾಂಶ, ಅದೂ ಹಾಗೇ ಕೈಚೆಲ್ಲಿತು. ನಮ್ಮ ಬೆಲ್ ನಿಂತದ್ದೂ ಅದೇ 32767ರಲ್ಲಿ.

ನಮ್ಮ ರಾಜ್ಯದ್ದೇ ಒಂದು ಯಂತ್ರದ ವಿಷಯ ಹೇಳಿ ಮುಂದಿನ ಕೆಲಸಕ್ಕೆ ಬರುತ್ತೇನೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಸಂಸ್ಥೆಯವರು ಸೇರಿ ರೂಪಿಸಿದ, 2001ರಲ್ಲಿ ಮಾದರಿ ತೋರಿಸಿದ ಸಿಂಪ್ಯೂಟರ್ ಎಂಬ ಅಂಗೈ ಕಂಪ್ಯೂಟರ್ ಬಗ್ಗೆ ಕೇಳಿದ್ದೀರಾ? ಓದು ಬಾರದವರಿಗೂ ಬಳಸಲು ಬರಬೇಕು, ಭಾರತೀಯ ಭಾಷೆಗಳಲ್ಲಿ ಮಾತಾಡಬೇಕು ಎಂಬುದು ಅದರ ಆಶಯ. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಅದನ್ನು ತಯಾರಿಸಿ ಮಾರುಕಟ್ಟೆಗೂ ತಂದರು. ಅದರೊಳಗೆ ಇದ್ದದ್ದು ಸ್ಟ್ರಾಂಗ್‌ಆರ್ಮ್ ಚಿಪ್ಪು, ಮೇಲೆ ಲಿನಕ್ಸ್. ಇಂಟೆಲ್ ಚಿಪ್ಪಿನ ಪಿಸಿಯಲ್ಲಿ ಬರೆದು ಆರ್ಮ್ ಚಿಪ್ಪಿಗೆ ಕ್ರಾಸ್ ಕಂಪೈಲ್ ಮಾಡುವವರು ಮೊದಲು ಕಲಿಯಬೇಕಾದ ಪಾಠ ‘ಚಾರ್’ ಬಗ್ಗೆ. ಅಕ್ಷರ ಇಡುವ 8 ಬಿಟ್‌ನ ಆ ಪಾತ್ರೆಗೆ ಮೈನಸ್ ಇದೆಯೋ ಇಲ್ಲವೋ ಎಂಬುದನ್ನೂ ಸಿ ಭಾಷೆ ಯಂತ್ರಕ್ಕೆ ಬಿಟ್ಟಿದೆ. ಪಿಸಿಯಲ್ಲಿ ಸಾಮಾನ್ಯವಾಗಿ ಇದೆ, ಆರ್ಮ್‌ನಲ್ಲಿ ಇಲ್ಲ.

ಇಂಗ್ಲಿಷ್ ಅಕ್ಷರಗಳಿಗೆ ಇದರಿಂದ ಏನೂ ಆಗದು, ಅವುಗಳ ಸಂಕೇತಗಳೆಲ್ಲ 127ರೊಳಗೆ. ಕನ್ನಡಕ್ಕೆ ಆಗುತ್ತದೆ. ಯುಟಿಎಫ್-8 ಪದ್ಧತಿಯಲ್ಲಿ ‘ಬ’ ಎಂಬ ಅಕ್ಷರ ಮೂರು ಬೈಟ್: 224, 178, 172. ಉರ್ದುವಿಗೂ ಹೀಗೇ, ಅದರ ಬೈಟುಗಳೂ 127ನ್ನು ಮೀರಿದವು. ಚಿಹ್ನೆ ಇರುವ ಚಾರ್‌ನಲ್ಲಿ 224 ಎಂಬುದು ಮೈನಸ್ 32 ಆಗುತ್ತದೆ. ‘ಇದು 128ಕ್ಕಿಂತ ದೊಡ್ಡದೇ?’ ಎಂದು ಕೇಳಿದರೆ ಅಲ್ಲ ಎನ್ನುತ್ತದೆ. ಅಕ್ಷರಗಳ ಚಿತ್ರಪಟ್ಟಿಯಲ್ಲಿ ಆ ಸಂಖ್ಯೆಯ ಮನೆಗೆ ಹೋಗು ಎಂದರೆ ಪಟ್ಟಿ ಶುರುವಾಗುವುದಕ್ಕಿಂತ 32 ಮನೆ ಹಿಂದಕ್ಕೆ ಹೋಗಿ ಅಲ್ಲಿದ್ದದ್ದನ್ನು ಚಿತ್ರ ಎಂದು ತೋರಿಸುತ್ತದೆ.

ಇದನ್ನು ಈಗಲೇ ಹೇಳಲು ಕಾರಣವಿದೆ. ಬೆಲ್ ಜೊತೆಗೆ ಮುಂದಿನ ಪಿರಿಯಡ್ ಯಾವುದೆಂದು ಕನ್ನಡದಲ್ಲಿಯೂ ಉರ್ದುವಿನಲ್ಲಿಯೂ ತೋರಿಸುವ ಎಲ್‌ಇಡಿ ಫಲಕ ಮಾಡುವ ಯೋಚನೆ ಇದೆ. ಊನೊದಲ್ಲಿ ಚಾರ್‌ಗೆ ಮೈನಸ್ ಇದೆ, ಇಎಸ್‌ಪಿ32ರಲ್ಲಿ ಇಲ್ಲ; ಬಸವಕಲ್ಯಾಣ, ಹುಮನಾಬಾದ್ ಮತ್ತೆ ಎರಡು ದಾರಿ ಹಿಡಿಯುತ್ತವೆ. ಹಾಗಾಗಿ ಅಕ್ಷರಗಳ ಬೈಟುಗಳನ್ನು ಮೊದಲ ದಿನದಿಂದಲೇ ಯುಇಂಟ್8_ಟಿ ಪಾತ್ರೆಯಲ್ಲಿ ಇಡುವುದೆಂದು ಆ ಇಬ್ಬರು ವಿದ್ಯಾರ್ಥಿನಿಯರು ತೀರ್ಮಾನಿಸಿ, ಪರಿವರ್ತಕವನ್ನು ಹಾಗೆ ಬದಲಿಸಿದ್ದಾರೆ. ಬೋರ್ಡಿನ ಗಡಿಯಾರವನ್ನು ಇಟ್ಟು ನೋಡಬೇಕಾದ ಸಮಯಗಳ ಚೀಟಿಯೊಂದನ್ನೂ ಲ್ಯಾಬಿನ ಗೋಡೆಗೆ ಅಂಟಿಸಿದ್ದಾರೆ: 9.06.07, 16 ಬಿಟ್‌ನ ಪಾತ್ರೆ ಚಿಹ್ನೆ ಇಲ್ಲದೆಯೂ ತುಂಬುವ ಸಂಜೆ 6.12.15, ಮತ್ತು ರಾತ್ರಿ 11.59.59. ಫಲಕದ ಕೆಲಸಕ್ಕೆ ಉರ್ದು ಟೈಪಿಂಗ್ ಬರುವ ಒಬ್ಬರು, ಬೆಸುಗೆ ಹಾಕಲು ಬರುವ ಒಬ್ಬರು ಬೇಕಾಗಿದ್ದಾರೆ. ಶುಕ್ರವಾರ ಜುಮಾ ನಂತರ ಲ್ಯಾಬ್ ತೆರೆದಿರುತ್ತದೆ.